ಹಳದಿ ಸ್ನೋಡ್ರಾಪ್ ಅಂತ ತರಿಸಿದೆ, ಹಸಿರು ಬಿಟ್ಟಿದೆ. ಮೋಸ ಹೋದೆನಾ?

ಹಿತ್ತಲಬಾಗಿಲು
ಸ್ನೋಡ್ರಾಪ್, ಅಂದರೆ ಚಳಿಗಾಲದ ಕೊನೆಗೆ ಗಡ್ಡೆಯಿಂದ ಏಳುವ ಪುಟ್ಟ ಬಿಳಿ ಹೂವಿನ ಹುಚ್ಚು ಇರುವವರು ಇಲ್ಲಿ ಯಾರಾದರೂ ಇದ್ದೀರಾ? ನನಗೊಂದು ಅನ್ಯಾಯ ಆಗಿದೆ. ಆಗಿದೆ ಅಂತ ಅನ್ನಿಸಿದೆ, ಅಷ್ಟೇ.

ನಾವಿರುವುದು ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಹತ್ತಿರ. ಹೋದ ವರ್ಷ ಫೆಬ್ರವರಿ ಕೊನೆಗೆ, ಅಂಚೆಯಲ್ಲಿ ಮಾತ್ರ ಮಾರುವ ಒಂದು ಸಣ್ಣ ನರ್ಸರಿಯಿಂದ ‘ಲೇಡಿ ಎಲ್ಫಿನ್‌ಸ್ಟನ್’ ಅನ್ನುವ ತಳಿ ತರಿಸಿದೆ. ಒಂದೇ ಗಡ್ಡೆ, 12 ಪೌಂಡ್. ಅಂಚೆ ಖರ್ಚು ಬೇರೆ. ಅವರ ಪಟ್ಟಿಯ ಫೋಟೋದಲ್ಲಿ ಹೊರಗೆ ಬಿಳಿ ಎಸಳು, ಒಳಗೆ ಏಳುಸುತ್ತಿನ ಮಲ್ಲಿಗೆ ತರ ಪದರ ಪದರ, ಪದರದ ತುದಿಗೆಲ್ಲ ಅರಿಶಿನ ಮುಟ್ಟಿಸಿದ ಹಾಗೆ ಹಳದಿ. ಅದಕ್ಕೇ ಮರುಳಾದದ್ದು.

ಗಡ್ಡೆ ಬಂದಾಗ ಹೂ ಮುಗಿದು ಬರೀ ಎಲೆ ಇತ್ತು. ಒದ್ದೆ ಟಿಶ್ಯೂ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚಂದವಾಗಿ ಕಳಿಸಿದ್ದರು. ಸೇಬಿನ ಮರದ ಬುಡದಲ್ಲಿ ನೆಟ್ಟೆ. ವರ್ಷವಿಡೀ ಕಾದೆ. ಈ ಶನಿವಾರ ಹೂ ಬಿಟ್ಟಿತು. ಮಂಡಿಯೂರಿ, ಬೆರಳಲ್ಲಿ ಹೂ ಎತ್ತಿ ನೋಡಿದರೆ ಒಳಗೆಲ್ಲ ಹಸಿರು! ಹಳದಿಯ ಸುಳಿವೂ ಇಲ್ಲ.

ನರ್ಸರಿಗೆ ಆಗಲೇ ಸ್ವಲ್ಪ ಖಾರವಾಗಿಯೇ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ. ದುಡ್ಡು ವಾಪಸ್ ಕೇಳಬಹುದಾ? ನನ್ನ ಹೆಂಡತಿ ಪ್ರಕಾರ ಮೊದಲು ನನ್ನ ತಲೆ ತೋರಿಸಬೇಕಂತೆ.

ಲೀಡ್ಸ್‌ಗೌಡ
ಮನೆಯವರ ಮಾತಿಗೆ ನನ್ನ ವೋಟು.

ಬೋಟನಿಮೇಷ್ಟ್ರು
ಅಯ್ಯೋ, ಆ ಮೇಲ್ ವಾಪಸ್ ತಗೊಳ್ಳೋಕೆ ಆಗುತ್ತಾ ನೋಡಿ ಮೊದಲು.

‘ಲೇಡಿ ಎಲ್ಫಿನ್‌ಸ್ಟನ್’ ಮುನಿಸಿನ ಹೆಂಗಸು. ಜಾಗ ಬದಲಾಯಿಸಿದರೆ ಒಂದೆರಡು ವರ್ಷ ಹಸಿರು ಹೂವೇ ಬಿಡುತ್ತಾಳೆ. ಬೇರು ಕಚ್ಚಿ ಸಮಾಧಾನ ಆದ ಮೇಲೆ ಹಳದಿಗೆ ತಿರುಗುತ್ತಾಳೆ. ಇದು ನೂರು ವರ್ಷದಿಂದ ಗೊತ್ತಿರುವ ಸಂಗತಿ. ಚೆಷೈರ್ ಕಡೆ ಒಂದು ತೋಟದಲ್ಲಿ ಸಿಕ್ಕ ತಳಿ ಅದು, 1890ರ ಸುಮಾರಿಗೆ. ಒಳ್ಳೆಯ ನರ್ಸರಿಯವರು ಪಟ್ಟಿಯಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನೀವು ಫೋಟೋ ನೋಡಿ, ಓದುವುದು ಬಿಟ್ಟಿರಬೇಕು.

ಇನ್ನೊಂದು ಫೆಬ್ರವರಿ ಕಾಯಿರಿ. ಆಗಲೂ ಹಸಿರಾದರೆ ಮತ್ತೊಂದು. ಆಮೇಲೂ ಹಸಿರೇ ಇದ್ದರೆ ಆಗ ಜಗಳ ಆಡಿ, ನಾನೂ ಬರುತ್ತೇನೆ.

ಹಿತ್ತಲಬಾಗಿಲು
ಮೇಷ್ಟ್ರೇ, ಈಗ ಪಟ್ಟಿ ತೆಗೆದು ನೋಡಿದೆ. ಬರೆದಿದ್ದಾರೆ. ನನ್ನ ಮರ್ಯಾದೆ ಹೋಯಿತು.

ಲೆಕ್ಕದಪುಸ್ತಕ
ಒಂದು ನಿಮಿಷ. ಒಂದು ಗಡ್ಡೆಗೆ 12 ಪೌಂಡಾ? ಸೆಪ್ಟೆಂಬರಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೋದರೆ ಒಂದು ಪೊಟ್ಟಣ ಪೂರ್ತಿ ಎರಡು ಮೂರು ಪೌಂಡಿಗೆ ಕೊಡುತ್ತಾರೆ. ಬಿಳಿ ಹೂವು ತಾನೇ? ನನ್ನ ಕಣ್ಣಿಗೆ ಎಲ್ಲವೂ ಒಂದೇ. ಹತ್ತು ಅಡಿ ದೂರದಿಂದ ನೋಡಿದರೆ ನಿಮ್ಮ ಕಣ್ಣಿಗೂ ಒಂದೇ.

ಎಡಿನ್‌ಬರೋಶೆಟ್ಟಿ
ಆ ಪೊಟ್ಟಣ ತಂದು ಎಷ್ಟು ಮೇಲೆ ಬಂತು ಅಂತ ಲೆಕ್ಕ ಇಟ್ಟಿದ್ದೀರಾ? ನಾನು ಮೊದಲ ವರ್ಷ 30 ಗಡ್ಡೆ ನೆಟ್ಟೆ, ಬಂದದ್ದು 4. ಬೆಳ್ಳುಳ್ಳಿ ಸಿಪ್ಪೆ ಹಾಗೆ ಒಣಗಿ ಹೋಗಿರುತ್ತೆ. ಸ್ನೋಡ್ರಾಪ್ ಗಡ್ಡೆ ಟ್ಯುಲಿಪ್ ಹಾಗಲ್ಲ, ಒಣಗಿದರೆ ಸಾಯುತ್ತೆ.

ಬೋಟನಿಮೇಷ್ಟ್ರು
ಶೆಟ್ರು ಹೇಳಿದ್ದು ಸರಿ. ಅದಕ್ಕೇ ಇಲ್ಲಿಯವರು ‘ಇನ್ ದ ಗ್ರೀನ್’ ಅಂತ, ಅಂದರೆ ಹೂ ಮುಗಿದು ಎಲೆ ಹಸಿರಿರುವಾಗಲೇ ಕಿತ್ತು ಕಳಿಸುತ್ತಾರೆ. ಹೊಸಬರಿಗೆ ಅದೇ ಒಳ್ಳೆಯದು. ಏನು ಬಂದಿದೆ, ಜೀವ ಇದೆಯಾ ಇಲ್ಲವಾ, ಕಣ್ಣಿಗೆ ಕಾಣುತ್ತೆ.

ಎಡಿನ್‌ಬರೋಶೆಟ್ಟಿ
ಇಲ್ಲಿ ಮಾತ್ರ ನನ್ನ ತಕರಾರಿದೆ ಮೇಷ್ಟ್ರೇ. ಎಲೆ ಹಸಿರಿರುವಾಗ ಕಿತ್ತರೆ ಬೇರು ಹರಿಯುತ್ತೆ. ಆ ಬೇರು ಆ ವರ್ಷಕ್ಕೆ ಮತ್ತೆ ಬರೋದಿಲ್ಲ. ಗಡ್ಡೆ ದಪ್ಪ ಆಗಬೇಕಾದ ತಿಂಗಳಲ್ಲೇ ಉಪವಾಸ ಬೀಳುತ್ತೆ. ಅದೇ ಜೂನ್, ಜುಲೈನಲ್ಲಿ ಮಲಗಿರುವ ಗಡ್ಡೆ ಎತ್ತಿ, ಒಣಗಲು ಬಿಡದೆ, ಕೂಡಲೇ ಕಳಿಸಿದರೆ ಅದಕ್ಕೇನೂ ಆಗಲ್ಲ. ನಾನು ಈಗ ಬೇಸಿಗೆಯಲ್ಲಿ ಕಳಿಸುವವರ ಹತ್ತಿರ ಮಾತ್ರ ತಗೊಳ್ಳೋದು.

ಬೋಟನಿಮೇಷ್ಟ್ರು
ಕೂಡಲೇ ಕಳಿಸಿದರೆ ಅಂದಿರಲ್ಲ, ಎಲ್ಲ ಆ ‘ರೆ’ಯಲ್ಲೇ ಇದೆ. ಜುಲೈನಲ್ಲಿ ಬಂದ ಲಕೋಟೆಯನ್ನು ಮೇಜಿನ ಮೇಲೆ ಮರೆತು ರಜಕ್ಕೆ ಊರಿಗೆ ಹೋದವರು ನನಗೆ ಗೊತ್ತು. ಯಾರು ಅಂತ ಹೇಳಲ್ಲ. ನಾನೇ.

ಮಲ್ಲಿಗೆಮೊಗ್ಗು
ನಿಮ್ಮದೆಲ್ಲ ಏನೂ ಅಲ್ಲ, ನನ್ನ ಕಥೆ ಕೇಳಿ.

ಎರಡು ವರ್ಷದ ಹಿಂದೆ ಚಳಿಗಾಲಕ್ಕೆ ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದರು. ಇಲ್ಲಿ ಜನವರಿಯಲ್ಲಿ ದೇವರಿಗೆ ಹೂವೇ ಇಲ್ಲ ಅಂತ ದಿನಾ ಬೇಜಾರು ಮಾಡಿಕೊಳ್ಳುತ್ತಿದ್ದರು. ಅಂಗಡಿಯಿಂದ ತಂದ ಸೇವಂತಿಗೆ ಅವರಿಗೆ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಕೆಳಗೆ ಬಂದರೆ ಅತ್ತೆ ಸ್ನಾನ ಮುಗಿಸಿ, ಮುಖದ ತುಂಬ ನಗು. ‘ನೋಡಮ್ಮ, ನಿನ್ನ ಹಿತ್ತಲಲ್ಲೇ ಎಷ್ಟು ಚಂದದ ಹೂವಿತ್ತು, ಹೇಳಲೇ ಇಲ್ಲ.’ ಗಣಪತಿ ತಲೆ ಮೇಲೆ ನನ್ನ ಹಳದಿ ಸ್ನೋಡ್ರಾಪ್ ‘ವೆಂಡೀಸ್ ಗೋಲ್ಡ್’. ಲಕ್ಷ್ಮಿಗೆ ‘ಎಸ್. ಆರ್ನಟ್’ ಅನ್ನುವ ಇನ್ನೊಂದು ತಳಿ. ನಾನು 35 ಪೌಂಡ್ ಕೊಟ್ಟು ತಂದಿದ್ದ ಹಸಿರು ತುದಿಯದ್ದು ಕೃಷ್ಣನ ಕೊಳಲಿಗೆ ಸಿಕ್ಕಿಸಿದ್ದರು. ಒಂದೂ ಬಿಟ್ಟಿರಲಿಲ್ಲ.

ಏನು ಹೇಳಲಿ? ‘ಚೆನ್ನಾಗಿದೆ ಅತ್ತೆ’ ಅಂದೆ. ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ. ಹೌದು, ಎರಡನೆಯದು ಕ್ರಿಯಾಪದ.

ಲೀಡ್ಸ್‌ಗೌಡ
😂😂 ಕೃಷ್ಣನಿಗೆ 35 ಪೌಂಡಿನ ಹೂ. ಪುಣ್ಯ ಜಾಸ್ತಿ ಬರುತ್ತೆ ಬಿಡಿ ಅಕ್ಕ.

ಬೋಟನಿಮೇಷ್ಟ್ರು
ಹೂ ಕಿತ್ತರೆ ಗಡ್ಡೆಗೆ ತೊಂದರೆ ಇಲ್ಲಮ್ಮ. ಎಲೆ ಕೀಳಬಾರದು ಅಷ್ಟೇ. ಬೀಜಕ್ಕೆ ಹೋಗುವ ಶಕ್ತಿ ಗಡ್ಡೆಗೇ ಉಳಿಯುತ್ತೆ. ಅತ್ತೆಯವರು ಉಪಕಾರವೇ ಮಾಡಿದ್ದಾರೆ.

ಅಂದಹಾಗೆ ‘ವೆಂಡೀಸ್ ಗೋಲ್ಡ್’ ಸಿಕ್ಕಿದ್ದು ಕೇಂಬ್ರಿಡ್ಜ್ ಪಕ್ಕದ ವಾಂಡಲ್‌ಬರಿ ಉದ್ಯಾನದಲ್ಲಿ. ಅಲ್ಲಿನ ವಾರ್ಡನ್ ಬಿಲ್ ಕ್ಲಾರ್ಕ್ ಹೆಂಡತಿಯ ಹೆಸರು ವೆಂಡಿ. ಇದು ಹಳದಿಯಲ್ಲೇ ಗಟ್ಟಿ ತಳಿ. ಹಿತ್ತಲಬಾಗಿಲು ಅವರೇ, ಮೊದಲ ಹಳದಿಗೆ ಇದನ್ನೇ ತರಿಸಬೇಕಿತ್ತು ನೀವು.

ಲೆಕ್ಕದಪುಸ್ತಕ
ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಇದಕ್ಕೆ ಇಷ್ಟು ಬೆಲೆ ಯಾಕೆ?

ಬೋಟನಿಮೇಷ್ಟ್ರು
12 ಪೌಂಡಿಗೆ ಹೀಗೆ ಬೆಚ್ಚಿದರೆ ಇದನ್ನು ಕೂತು ಓದಿ. 2012ರಲ್ಲಿ ‘ಎಲಿಜಬೆತ್ ಹ್ಯಾರಿಸನ್’ ಅನ್ನುವ ಒಂದೇ ಗಡ್ಡೆ ಇಬೇಯಲ್ಲಿ 725 ಪೌಂಡಿಗೆ ಹೋಯಿತು. 2015ರಲ್ಲಿ ‘ಗೋಲ್ಡನ್ ಫ್ಲೀಸ್’ 1,390 ಪೌಂಡ್. 2022ರಲ್ಲಿ ‘ಗೋಲ್ಡನ್ ಟಿಯರ್ಸ್’ 1,850 ಪೌಂಡ್. ನಮ್ಮ ದುಡ್ಡಲ್ಲಿ ಒಂದೂ ಮುಕ್ಕಾಲು ಲಕ್ಷದ ಮೇಲೆ.

ಯಾಕೆ ಅಂದರೆ, ತಾನಾಗಿ ಬಿಟ್ಟರೆ ಒಂದು ಗಡ್ಡೆ ಎರಡಾಗಲು ಒಂದೆರಡು ವರ್ಷ ಬೇಕು. ಬೀಜದಿಂದ ಬೆಳೆಸಿದರೆ ತಾಯಿಯ ಗುಣ ಬರಬೇಕು ಅಂತೇನಿಲ್ಲ. ಜೋ ಶಾರ್ಮನ್ ಅನ್ನುವವರು ‘ಗೋಲ್ಡನ್ ಫ್ಲೀಸ್’ ತಳಿ ಬರಿಸಲು 18 ವರ್ಷ ಪಟ್ಟು ಹಿಡಿದರು. ಮೊದಲ ಒಂದೆರಡು ಗಡ್ಡೆ ಹರಾಜಿಗೆ ಬಂದಾಗ ಇರುವುದೇ ನಾಲ್ಕಾರು, ಬೇಕಾದವರು ನೂರಾರು. ಐದಾರು ವರ್ಷ ಕಳೆದರೆ ಅದೇ ಗಡ್ಡೆ ಎಷ್ಟೋ ಅಗ್ಗಕ್ಕೆ ಸಿಗುತ್ತೆ. ಕಾಯುವ ತಾಳ್ಮೆ ಇಲ್ಲದವರು ಕೊಡುವ ತೆರಿಗೆ ಅದು.

ಲೆಕ್ಕದಪುಸ್ತಕ
ಹಾಗಾದರೆ ನೀವೇ ಹೆಚ್ಚು ಮಾಡಿ ಮಾರಬಹುದಲ್ಲ?

ಬೋಟನಿಮೇಷ್ಟ್ರು
ಪ್ರಯತ್ನ ಪಟ್ಟಿದ್ದೇನೆ. ಟ್ವಿನ್ ಸ್ಕೇಲಿಂಗ್ ಅಂತಾರೆ. ಜೂನ್ ಕೊನೆಗೆ, ಎಲೆ ಪೂರ್ತಿ ಒಣಗಿದ ಮೇಲೆ ಗಡ್ಡೆ ಎತ್ತಬೇಕು. ಸಾಂಬಾರ್ ಈರುಳ್ಳಿಯಷ್ಟೇ ಇರುತ್ತೆ. ಕಂದು ಸಿಪ್ಪೆ ಸುಲಿದು, ಸ್ಪಿರಿಟ್‌ನಲ್ಲಿ ಅದ್ದಿದ ಬ್ಲೇಡ್ ತಗೊಂಡು, ಮೇಲಿಂದ ಕೆಳಕ್ಕೆ ಮೊದಲು ಎರಡು, ನಾಲ್ಕು, ಎಂಟು, ಆಮೇಲೆ ಕೈ ನಡುಗದಿದ್ದರೆ ಹದಿನಾರು. ಪ್ರತಿ ಹೋಳನ್ನೂ ಮತ್ತೆ ಎರಡೆರಡು ಪದರವಾಗಿ ಬಿಡಿಸಬೇಕು. ಪ್ರತಿ ಜೋಡಿ ಪದರದ ಕೆಳಗೂ ಬೇರು ಹೊರಡುವ ಬಿಲ್ಲೆಯ ಒಂದು ಚೂರು ಇರಲೇಬೇಕು. ಅದಿಲ್ಲದ ಹೋಳು ಕೊಳೆಯುತ್ತೆ. ಫಂಗಿಸೈಡ್ (ಬೂಷ್ಟಿನ ಔಷಧಿ) ಮುಟ್ಟಿಸಿ, ಸ್ವಲ್ಪವೇ ಒದ್ದೆ ಮಾಡಿದ ವರ್ಮಿಕ್ಯುಲೈಟ್ ಅನ್ನುವ ಹಗುರ ಖನಿಜದ ಪುಡಿ ಜೊತೆ ಜಿಪ್ ಚೀಲಕ್ಕೆ ಹಾಕಿ, ಕತ್ತಲಲ್ಲಿ 20 ಡಿಗ್ರಿಯಲ್ಲಿ ಹನ್ನೆರಡು ವಾರ.

ನಾನು ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿ ಇಟ್ಟಿದ್ದೆ. ಮನೆಯಾಕೆ ಅದನ್ನು ನೋಡಿ, ಮೊಳಕೆಗೆ ಇಟ್ಟ ಕಾಳು ಬೂಷ್ಟು ಹಿಡಿದಿದೆ ಅಂತ ಕಸಕ್ಕೆ ಹಾಕಿದಳು. ಮರುವರ್ಷ ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟೆ. 22 ಹೋಳಿನಲ್ಲಿ 13ಕ್ಕೆ ಪದರಗಳ ನಡುವೆ ಅಕ್ಕಿಕಾಳಿನಷ್ಟು ಬೆಳ್ಳಗೆ ಮರಿ ಬಂದಿತ್ತು. ಅವು ಹೂ ಬಿಡೋಕೆ ಮೂರು ನಾಲ್ಕು ವರ್ಷ ಬೇಕು. ಈಗ ಹೇಳಿ, ನೀವಾದರೆ ಎಷ್ಟಕ್ಕೆ ಮಾರುತ್ತಿದ್ದಿರಿ?

ಲೆಕ್ಕದಪುಸ್ತಕ
ಮಾರುತ್ತಿರಲಿಲ್ಲ. ಆ ಕೆಲಸಕ್ಕೇ ಹೋಗುತ್ತಿರಲಿಲ್ಲ.

ಡಬ್ಲಿನ್‌ಭಟ್ಟ
ನೀವೆಲ್ಲ ಪುಣ್ಯವಂತರು ಮಾರಾಯ್ರೆ. ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ನಿನ ನರ್ಸರಿಗಳು ಐರ್ಲೆಂಡಿಗೆ ಕಳಿಸುವುದನ್ನೇ ಹೆಚ್ಚುಕಮ್ಮಿ ನಿಲ್ಲಿಸಿವೆ. ಗಿಡಕ್ಕೆ ರೋಗ ಇಲ್ಲ ಅಂತ ಸರ್ಟಿಫಿಕೇಟ್ ಬೇಕು. ಅದರ ಮೇಲೆ ಸೈಟಿಸ್ ಪರ್ಮಿಟ್ ಬೇರೆ. ಮೂರು ಗಡ್ಡೆಗೆ ವಿಚಾರಿಸಿದೆ. ಗಡ್ಡೆಗಿಂತ ಕಾಗದದ ಖರ್ಚೇ ಜಾಸ್ತಿ, ನಾವು ಕಳಿಸಲ್ಲ ಅಂದರು. ಮೊದಲು ನಾಲ್ಕು ದಿನಕ್ಕೆ ಮನೆ ಬಾಗಿಲಿಗೆ ಬರುತ್ತಿತ್ತು.

ಲೀಡ್ಸ್‌ಗೌಡ
ಸೈಟಿಸ್ ಅಂದರೆ ಆ ಆನೆದಂತ, ಹುಲಿಚರ್ಮದ ಒಪ್ಪಂದ ತಾನೇ? ಸ್ನೋಡ್ರಾಪ್‌ಗೂ ಅದೇನಾ?

ಎಡಿನ್‌ಬರೋಶೆಟ್ಟಿ
ಅದೇ. 1990ರಿಂದ ಸ್ನೋಡ್ರಾಪಿನ ಎಲ್ಲ ಜಾತಿಗಳೂ ಅದರ ಎರಡನೇ ಪಟ್ಟಿಯಲ್ಲಿವೆ. ಟರ್ಕಿಯ ಗುಡ್ಡಗಳಿಂದ ಕಾಡು ಗಡ್ಡೆಗಳನ್ನು ಮೂಟೆಗಟ್ಟಲೆ ಅಗೆದು ಯುರೋಪಿಗೆ ಮಾರುತ್ತಿದ್ದರು. ವ್ಯಾಪಾರ ಪೂರ್ತಿ ನಿಷೇಧ ಅಲ್ಲ, ಪರ್ಮಿಟ್ ಬೇಕು. ನೀವು ಅಂಚೆಯಲ್ಲಿ ತರಿಸುವಾಗಲೂ ಇದು ತೋಟದಲ್ಲಿ ಬೆಳೆಸಿದ್ದಾ, ಕಾಡಿನದ್ದಾ ಅಂತ ಕೇಳುವುದು ಒಳ್ಳೆಯದು. ಹೆಸರು ಇಟ್ಟ ತಳಿ ಮಾರುವ ಸಣ್ಣ ನರ್ಸರಿಯವರು ತಾವೇ ಬೆಳೆಸಿರುತ್ತಾರೆ. ಅನುಮಾನ ಬರಬೇಕಾದದ್ದು ಅಗ್ಗದ ಮೂಟೆ ಮಾಲಿನ ಮೇಲೆ.

ಡಬ್ಲಿನ್‌ಭಟ್ಟ
ಬೇಜಾರಾಗಿ ಈಗ ಐರಿಷ್ ತಳಿ ಮಾತ್ರ ಸೇರಿಸುತ್ತಿದ್ದೇನೆ. ‘ಸ್ಟ್ರಾಫನ್’ ಬಂತು. ಇಲ್ಲೇ ಕಿಲ್ಡೇರ್‌ನ ಸ್ಟ್ರಾಫನ್ ಹೌಸ್‌ನಲ್ಲಿ ಹುಟ್ಟಿದ್ದು. ಕ್ರಿಮಿಯಾ ಯುದ್ಧಕ್ಕೆ ಹೋದ ಸಾಹೇಬರೊಬ್ಬರು ಅಲ್ಲಿಂದ ಗಡ್ಡೆ ತಂದಿದ್ದರಂತೆ, ಅದರ ವಂಶ. ಒಂದೇ ಗಡ್ಡೆಗೆ ಒಂದಾದ ಮೇಲೊಂದು ಎರಡು ಹೂ ಬಿಡುತ್ತೆ. ಭಟ್ಟರಿಗೆ ಸರಿಯಾದ ಗಿಡ, ಒಂದು ಎಲೆಗೆ ಎರಡು ಊಟ.

ಜಯನಗರ4ನೇಬ್ಲಾಕ್
ಸುಮ್ನೆ ಓದುತ್ತಾ ಇದ್ದೆ, ಆಸೆ ಬಂತು. ಬೆಂಗಳೂರಲ್ಲಿ ಬರುತ್ತಾ? ಡಿಸೆಂಬರಲ್ಲಿ ಇಲ್ಲೂ ಚಳಿ ಇರುತ್ತೆ. ಫ್ರಿಜ್‌ನಲ್ಲಿಟ್ಟರೆ?

ಬೋಟನಿಮೇಷ್ಟ್ರು
ಬರಲ್ಲ ಸ್ವಾಮಿ. ನಿಮ್ಮ ಚಳಿ ಅದಕ್ಕೆ ಏಪ್ರಿಲ್ ಇದ್ದ ಹಾಗೆ. ವಾರಗಟ್ಟಲೆ ನಿಜವಾದ ಶೀತ ಬೇಕು. ಫ್ರಿಜ್‌ನಲ್ಲಿಟ್ಟು ಒಂದು ಸಲ ಹೂ ಬರಿಸಿದರೂ ಮರುವರ್ಷಕ್ಕೆ ಗಡ್ಡೆ ಉಳಿಯಲ್ಲ. ಸೂಟ್‌ಕೇಸಲ್ಲಿ ತರುವ ಯೋಚನೆ ಇದ್ದರೆ ಅದನ್ನೂ ಬಿಡಿ, ಪರ್ಮಿಟ್ ಇಲ್ಲದೆ ಗಡ್ಡೆ ತರುವ ಹಾಗಿಲ್ಲ. ರೇನ್ ಲಿಲ್ಲಿ ಬೆಳೆಸಿ. ಅದೂ ಇದೇ ಕುಟುಂಬದ್ದು. ಥಾಯ್ಲೆಂಡ್ ಕಡೆಯವರು ಅದರಲ್ಲಿ ಬರಿಸಿರುವ ಬಣ್ಣ ನೋಡಿದರೆ ನೀವೂ ನಮ್ಮ ಹಾಗೇ ಹಾಳಾಗುತ್ತೀರಿ.

ಶಿರಸಿಡೇರೆ
ರೇನ್ ಲಿಲ್ಲಿ ಯಾಕೆ, ಡೇರೆ (ಡೇಲಿಯಾ) ಇಲ್ವಾ? ನಮ್ಮ ಕಡೆ ಹೆಂಗಸರಿಗೆ ಅಂಚೆ ನರ್ಸರಿ ಎಲ್ಲ ಬೇಕಾಗಿಲ್ಲ. ಮದುವೆ ಮನೆಗೆ ಹೋದರೆ ಮೊದಲು ನೋಡುವುದು ಅಂಗಳದ ಡೇರೆ, ಆಮೇಲೆ ಮದುಮಗಳು. ಹೊಸ ಬಣ್ಣ ಕಂಡರೆ ‘ಒಂದು ಗಡ್ಡೆ ಇಡು, ಮುಂದಿನ ಸಲ ಬಂದಾಗ ಒಯ್ತೆ’ ಅಂತ ಬುಕ್ ಮಾಡುವುದು. ಕೊಡದಿದ್ದರೆ ಕೊಡೆ ಬಿಚ್ಚಿ, ಅದರೊಳಗೆ ಒಂದು ಕಡ್ಡಿ ಮುರಿದು ಹಾಕಿಕೊಂಡು ಬರುವುದು. ಕದ್ದ ಗಿಡ ಚಲೋ ಬರ್ತು ಅಂತ ನಮ್ಮ ಆಯಿ ಹೇಳುತ್ತಿದ್ದಳು.

ಒಂದು ಮಳೆಗಾಲದಲ್ಲಿ ನನ್ನ ಕಪ್ಪು ಕೆಂಪು ಡೇರೆ ಗಡ್ಡೆ ಪೂರ್ತಿ ಕೊಳೆಯಿತು. ಕದ್ದು ಒಯ್ದಿದ್ದ ನಾದಿನಿ ಮನೆಯಲ್ಲಿ ಮಾತ್ರ ಉಳಿದಿತ್ತು. ಮತ್ತೆ ಅವಳ ಹತ್ತಿರವೇ ಬೇಡಿ ತಂದೆ.

ಎಡಿನ್‌ಬರೋಶೆಟ್ಟಿ
ಅಕ್ಕ, ಇಲ್ಲೂ ಕಳ್ಳತನ ಇದೆ, ಆದರೆ ಕೊಡೆ ಲೆವೆಲ್ಲಿನದಲ್ಲ. ರಾತ್ರಿ ಗೋಡೆ ಹಾರಿ ಗುರುತಿಟ್ಟುಕೊಂಡ ಗಡ್ಡೆಯನ್ನೇ ಅಗೆದು ಒಯ್ಯುತ್ತಾರೆ. ಅದಕ್ಕೇ ಎಷ್ಟೋ ತೋಟಗಳಲ್ಲಿ ಬೆಲೆ ಬಾಳುವ ತಳಿಗೆ ಹೆಸರಿನ ಫಲಕ ಹಾಕಲ್ಲ.

ಮಲ್ಲಿಗೆಮೊಗ್ಗು
ಫಲಕ ಅಂದಾಗ ನೆನಪಾಯಿತು. ಯಾರಾದರೂ ಈ ಕರಿ ಹಕ್ಕಿಗಳಿಗೆ ಏನು ಮಾಡುತ್ತೀರಿ ಹೇಳಿ. ಎರೆಹುಳ ಹುಡುಕುತ್ತಾ ನನ್ನ ಲೇಬಲ್‌ಗಳನ್ನೆಲ್ಲ ಕಿತ್ತು ಎಸೆಯುತ್ತವೆ. ಒಂದು ಸಲ ಹನ್ನೊಂದು ಲೇಬಲ್ ಹುಲ್ಲಿನ ಮೇಲೆ ಬಿದ್ದಿದ್ದವು. ಹೆಸರಿಲ್ಲದ ಸ್ನೋಡ್ರಾಪ್‌ಗೆ ಬೆಲೆಯೂ ಇಲ್ಲ.

ಬೋಟನಿಮೇಷ್ಟ್ರು
ಕೊಳದ ಗಿಡಕ್ಕೆ ಬಳಸುವ ಜಾಲರಿ ಕುಂಡ ಸಿಗುತ್ತೆ. ಪ್ರತಿ ತಳಿಯನ್ನೂ ಅದರಲ್ಲಿ ನೆಟ್ಟು, ಕುಂಡವನ್ನೇ ಮಣ್ಣಿಗೆ ಇಳಿಸಿ. ಬೇರು ಹೊರಗೆ ಹೋಗುತ್ತೆ, ಗಡ್ಡೆ ಒಂದಕ್ಕೊಂದು ಬೆರೆಯಲ್ಲ. ಕುಂಡದೊಳಗೆ ಒಂದು ಲೇಬಲ್ ಹೂತಿಡಿ. ಪೆನ್ಸಿಲಲ್ಲೇ ಬರೆಯಿರಿ, ಮಾರ್ಕರ್ ಎರಡು ಬೇಸಿಗೆಗೆ ಮಾಸುತ್ತೆ. ಜೊತೆಗೆ ಪುಸ್ತಕದಲ್ಲಿ ಒಂದು ನಕ್ಷೆ.

ನೈಟ್‌ಶಿಫ್ಟ್
ಸಾಂಬಾರ್ ಈರುಳ್ಳಿಯಷ್ಟು ಅಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ದಯವಿಟ್ಟು ಗಡ್ಡೆಯನ್ನು ಅಡುಗೆಮನೆಯಲ್ಲಿ ಇಡಬೇಡಿ. ವಿಷ. ವಾಂತಿ, ಹೊಟ್ಟೆನೋವು ಗ್ಯಾರಂಟಿ. ಅಳಿಲು ಕೂಡ ಸಾಮಾನ್ಯವಾಗಿ ಮುಟ್ಟಲ್ಲ.

ನಮ್ಮ ವಾರ್ಡಿನಲ್ಲಿ ಮರೆವಿನ ಕಾಯಿಲೆಯ ಅಜ್ಜಂದಿರಿಗೆ ಗ್ಯಾಲಂಟಮೈನ್ ಮಾತ್ರೆ ಕೊಡುತ್ತೇವೆ. ಆ ಹೆಸರು ಬಂದಿದ್ದೇ ಸ್ನೋಡ್ರಾಪಿನ ಸಸ್ಯನಾಮ ಗ್ಯಾಲಾಂಥಸ್‌ನಿಂದ. ಮೊದಲು ಆ ರಾಸಾಯನಿಕ ಸಿಕ್ಕಿದ್ದು ಇದರಲ್ಲೇ.

ಲೀಡ್ಸ್‌ಗೌಡ
ಹಾಗಾದರೆ ಪಟ್ಟಿ ಓದದೆ ಗಡ್ಡೆ ತರಿಸಿದವರಿಗೆ ಒಂದು ಮಾತ್ರೆ ಕೊಡಿ ಡಾಕ್ಟ್ರೇ.

ಹಿತ್ತಲಬಾಗಿಲು
ಗೌಡ್ರೇ, ಸಾಕು. ನರ್ಸರಿಯವರ ಉತ್ತರ ಬಂತು. ಒಂದು ಬೈಗುಳವೂ ಇಲ್ಲ. ‘ಆಕೆಗೆ ಸ್ವಲ್ಪ ಸಮಯ ಕೊಡಿ’ ಅಂತ ಒಂದೇ ಸಾಲು. ನಾನು ತಪ್ಪಾಯಿತು ಅಂತ ನಾಲ್ಕು ಸಾಲು ಬರೆದೆ. ಆಮೇಲೆ ನಾಚಿಕೆಗೆ ‘ವೆಂಡೀಸ್ ಗೋಲ್ಡ್’ ಕೂಡ ಆರ್ಡರ್ ಮಾಡಿದೆ.

ಲೆಕ್ಕದಪುಸ್ತಕ
ಇದಕ್ಕೇ ಹೇಳೋದು ವ್ಯಾಪಾರ ಅಂತ.

ಆದರೂ ನನ್ನ ಮಾತು ಅದೇ. ಹಸಿರು ಚುಕ್ಕೆ ಒಂದಿದ್ದರೆ ಒಂದು ಹೆಸರು, ಎರಡಿದ್ದರೆ ಇನ್ನೊಂದು. ಸಾವಿರಾರು ಹೆಸರಂತೆ! ಇದು ತಳಿ ಅಲ್ಲ, ನೆಪ.

ಶಿರಸಿಡೇರೆ
ತಮ್ಮಾ, ನಮ್ಮಲ್ಲಿ ಅಪ್ಪೆಮಿಡಿಗೆ ಮರಕ್ಕೊಂದು ಹೆಸರು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಅಪ್ಪೆ, ಕರ್ಣಕುಂಡಲ. ಹೊಳೆದಂಡೆಯ ಒಂದು ಮರ, ಅದರ ಮಿಡಿಗೆ ಮಾತ್ರ ಆ ಪರಿಮಳ. ಹೊರಗಿನವರಿಗೆ ಎಲ್ಲವೂ ಹುಳಿ ಮಾವಿನಕಾಯಿ. ನಿಂಗೆ ಉಪ್ಪಿನಕಾಯಿ ಹಾಕಿ ಬಡಿಸಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲವಾ?

ಲೆಕ್ಕದಪುಸ್ತಕ
ಉಪ್ಪಿನಕಾಯಿ ಬೇರೆ ವಿಷಯ ಅಕ್ಕ. ಅದು ತಿನ್ನುವಂಥದ್ದು.

ಡಬ್ಲಿನ್‌ಭಟ್ಟ
ಜೀರಿಗೆ ಅಪ್ಪೆ ನೆನಪು ಮಾಡಿಬಿಟ್ಟಿರಿ. ನಾನು ಇನ್ನು ಈ ಚರ್ಚೆ ಓದಲ್ಲ.

ಬೋಟನಿಮೇಷ್ಟ್ರು
ಲೆಕ್ಕದವರೇ, ಒಂದು ಕೆಲಸ ಮಾಡಿ. ಮುಂದಿನ ಶನಿವಾರ ಕೇಂಬ್ರಿಡ್ಜ್ ಹತ್ತಿರದ ಆಂಗ್ಲೆಸಿ ಆಬಿ ತೋಟಕ್ಕೆ ಬನ್ನಿ. ಮುನ್ನೂರಕ್ಕೂ ಹೆಚ್ಚು ತಳಿ ಇವೆ. ಟಿಕೆಟ್ ನಾನು ತಗೊಳ್ಳುತ್ತೇನೆ. ಬಿಸಿಲು ಬಿದ್ದು ಹತ್ತು ಡಿಗ್ರಿ ದಾಟಿದರೆ ಹೂವಿನ ಹೊರ ಎಸಳು ಅರಳಿ ಎತ್ತುತ್ತವೆ. ‘ಎಸ್. ಆರ್ನಟ್’ ಗುಂಪಾಗಿ ಇರುವ ಕಡೆ ಜೇನಿನ ವಾಸನೆ ಬರುತ್ತೆ. ‘ಮ್ಯಾಗ್ನೆಟ್’ ತೊಟ್ಟು ಉದ್ದ, ಗಾಳಿಗೆ ಜುಮುಕಿ ತರ ಆಡುತ್ತೆ. ಪಕ್ಕದಲ್ಲೇ ನಿವಾಲಿಸ್, ಅಂದರೆ ಎಲ್ಲ ಕಡೆ ಸಿಗುವ ಮಾಮೂಲಿ ಸ್ನೋಡ್ರಾಪ್ ನೋಡಿ. ಆಮೇಲೂ ಎಲ್ಲ ಒಂದೇ ಅಂದರೆ ಊಟ ನನ್ನದು.

ಲೆಕ್ಕದಪುಸ್ತಕ
ಊಟ ಇದೆ ಅಂದರೆ ಬರುತ್ತೇನೆ. ಅಭಿಪ್ರಾಯ ಬದಲಾಗಲ್ಲ.

ಮಲ್ಲಿಗೆಮೊಗ್ಗು
(ಎಂಟು ದಿನದ ಮೇಲೆ) ಮೇಷ್ಟ್ರೇ, ಏನಾಯಿತು ಆ ಶನಿವಾರ?

ಬೋಟನಿಮೇಷ್ಟ್ರು
ಊಟ ನಾನೇ ಕೊಡಿಸಿದೆ. ಎಲ್ಲ ಒಂದೇ ಅಂದರು. ಆದರೆ ಹೊರಡುವಾಗ ಗಿಡದ ಅಂಗಡಿಯಲ್ಲಿ ಅವರ ಕೈಯಲ್ಲಿ ಒಂದು ಸಣ್ಣ ಕುಂಡ ಇತ್ತು. ಹೆಂಡತಿಗೆ ಅಂತೆ.

ಲೆಕ್ಕದಪುಸ್ತಕ
4 ಪೌಂಡ್ 50 ಪೆನ್ಸ್. ಡಿಸ್ಕೌಂಟ್ ಇತ್ತು.

ಹಿತ್ತಲಬಾಗಿಲು
(ಮುಂದಿನ ವರ್ಷ, ಫೆಬ್ರವರಿ 6)
ಹಳೆಯ ಚರ್ಚೆ ಮೇಲೆತ್ತಿದ್ದಕ್ಕೆ ಕ್ಷಮಿಸಿ. ಲೇಡಿ ಈ ಸಲ ಎರಡು ಮೂತಿ ಮೇಲೆ ಹಾಕಿದ್ದಾಳೆ. ಒಂದು ಇವತ್ತು ಬಿರಿಯಿತು. ಮತ್ತೆ ಮಂಡಿಯೂರಿ ಎತ್ತಿ ನೋಡಿದೆ. ಒಂದು ಪಕ್ಕದ ಪದರಗಳು ಹಳದಿ, ಇನ್ನೊಂದು ಪಕ್ಕ ಇನ್ನೂ ಹಸಿರು. ಅರ್ಧ ಮುನಿಸು ಹೋಗಿದೆ. ಹೆಂಡತಿಯನ್ನು ಕರೆದು ತೋರಿಸಿದೆ. ಚಪ್ಪಲಿ ಹಾಕಿಕೊಂಡೇ ಬಂದು, ಬಗ್ಗಿ ನೋಡಿ, ‘ಹೂಂ, ಚೆನ್ನಾಗಿದೆ, ಪ್ಯಾಂಟಿಗೆ ಕೆಸರಾಗಿದೆ’ ಅಂದಳು.

‘ವೆಂಡೀಸ್ ಗೋಲ್ಡ್’ ಮಾತ್ರ ಮೇಲೆ ಬಂದೇ ಇಲ್ಲ. ಅಗೆದು ನೋಡಿದೆ, ಗಡ್ಡೆ ಟೊಳ್ಳು, ಒಳಗೆ ದಪ್ಪ ಬಿಳಿ ಹುಳ.

ಎಡಿನ್‌ಬರೋಶೆಟ್ಟಿ
ನಾರ್ಸಿಸಸ್ ನೊಣದ ಹುಳ. ಅಕ್ಕಪಕ್ಕದ ಡ್ಯಾಫೊಡಿಲ್ ಗಡ್ಡೆಗಳನ್ನೂ ಒತ್ತಿ ನೋಡಿ, ಮೆತ್ತಗಿದ್ದದ್ದು ಕಿತ್ತು ಎಸೆಯಿರಿ. ಮೇ, ಜೂನ್‌ನಲ್ಲಿ ಬಿಸಿಲಿದ್ದಾಗ ಮೊಟ್ಟೆ ಇಡೋಕೆ ಬರುತ್ತೆ. ಎಲೆ ಒಣಗಿದ ಕೂಡಲೇ ಬುಡದ ಮಣ್ಣು ಕೆದಕಿ ಮುಚ್ಚಿ, ಇಲ್ಲದಿದ್ದರೆ ಮೇಲೆ ಸಣ್ಣ ಬಲೆ ಹಾಸಿ.

ಮಲ್ಲಿಗೆಮೊಗ್ಗು
ನನ್ನ ‘ವೆಂಡೀಸ್ ಗೋಲ್ಡ್’ ಈಗ ಒಂಬತ್ತಾಗಿದೆ, ಎರಡು ಕಳಿಸುತ್ತೇನೆ. ವಿಳಾಸ ಖಾಸಗಿ ಮೆಸೇಜಲ್ಲಿ ಹಾಕಿ. ಬೇಗ ಹಾಕಿ, 14ಕ್ಕೆ ನಮ್ಮ ಅತ್ತೆ ಮತ್ತೆ ಬರುತ್ತಿದ್ದಾರೆ.